ಕ್ಲೇ ಶೂಟಿಂಗ್ ಕೋವಿ

ಯಂತ್ರದಿಂದ ಗಾಳಿಗೆ ಎಸೆದ ಬಿಲ್ಲೆಯನ್ನು ಚರೆಯಿಂದ ಒಡೆಯುವ ಕ್ರೀಡೆಗೆಂದೇ ಆರಿಸಿ, ಈಡುಗಾರನ ಮೈಕಟ್ಟಿಗೆ ಹೊಂದಿಸಿಕೊಂಡ, ಒಳಮೈ ನುಣುಪಾಗಿರುವ ನಳಿಗೆಯ ತೋಟಾ ಕೋವಿಗೆ ಕ್ಲೇ ಶೂಟಿಂಗ್ ಕೋವಿ ಎನ್ನುತ್ತಾರೆ. ರೈಫಲ್‌ನಂತೆ ಇದಕ್ಕೆ ಹಿಂದೆ ಮುಂದೆ ಎರಡು ಗುರಿಕಡ್ಡಿಗಳಿರುವುದಿಲ್ಲ. ಹಿಂದಿನ ಗುರಿಕಡ್ಡಿಯ ಕೆಲಸವನ್ನು ಈಡುಗಾರನ ಕಣ್ಣೇ ಮಾಡುತ್ತದೆ. ಕೋವಿಯನ್ನು ಮೈಗೆ ಹೊಂದಿಸುವ ವಿದ್ಯೆಯೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದೆ.

ಪದಗಳು

ಮಲೆನಾಡಿನಲ್ಲಿ ಉದ್ದ ನಳಿಗೆಯ ಬಂದೂಕಿಗೆಲ್ಲ ಕೋವಿ ಎಂದೇ ಹೆಸರು. ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು (ಮದ್ದಿಗೆ ಕಿಡಿ ತಾಗಿಸುವ ಪುಟ್ಟ ಟೊಪ್ಪಿ) ಇಟ್ಟು ಹಾರಿಸುವುದು ಕೇಪಿನ ಕೋವಿ. ನಳಿಗೆಯ ಬುಡದಲ್ಲಿ ತೋಟಾ ಹಾಕುವುದು ತೋಟಾ ಕೋವಿ. ನಳಿಗೆ ಒಂದಿದ್ದರೆ ಒಂಟಿನಳಿಗೆ, ಎರಡಿದ್ದರೆ ಜೋಡುನಳಿಗೆ. ಒಮ್ಮೆ ಹಾರಿಸಿದರೆ ಒಂದು ಈಡು. ತೋಟಾದೊಳಗಿನ ಸಣ್ಣ ಸೀಸದ ಕಾಳುಗಳು ಚರೆ. ಒಂದೇ ದೊಡ್ಡ ಉಂಡೆಯಾದರೆ ಗುಂಡು. ಭುಜಕ್ಕೆ ಆನುವ ಮರದ ಭಾಗ ಸ್ಟಾಕ್, ಅದರ ಮೇಲಂಚಿನಲ್ಲಿ ಕೆನ್ನೆ ಕೂರುವ ಜಾಗ ಕೋಂಬ್, ನಳಿಗೆಯ ಮೇಲೆ ಉದ್ದಕ್ಕೂ ಹಾಯುವ ಪಟ್ಟಿ ರಿಬ್, ನಳಿಗೆಯ ಬಾಯಿಯ ಹತ್ತಿರ ಒಳಸುತ್ತಳತೆ ಕಿರಿದಾಗುವ ಭಾಗ ಚೋಕ್. ಈ ನಾಲ್ಕಕ್ಕೂ ಇಂಗ್ಲಿಷ್ ಪದಗಳೇ ಬಳಕೆಯಲ್ಲಿ ನಿಂತಿರುವುದರಿಂದ ಈ ಲೇಖನವೂ ಅವನ್ನೇ ಉಳಿಸಿಕೊಂಡಿದೆ.

ಬೋರ್ ಎಂಬುದು ನಳಿಗೆಯ ಅಗಲದ ಲೆಕ್ಕ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಉಂಡೆ ಮಾಡಿದರೆ, ಆ ಉಂಡೆ ಸರಿಯಾಗಿ ಕೂರುವ ನಳಿಗೆ 12 ಬೋರ್. ಅದರ ಒಳವ್ಯಾಸ ಸುಮಾರು 18.5 ಮಿ.ಮೀ. ಉಂಡೆಗಳ ಸಂಖ್ಯೆ ಹೆಚ್ಚಿದಷ್ಟೂ ಉಂಡೆ ಸಣ್ಣದು, ಆದ್ದರಿಂದ 20 ಬೋರ್ ನಳಿಗೆ 12 ಬೋರ್‌ಗಿಂತ ಕಿರಿದು, ಸುಮಾರು 15.6 ಮಿ.ಮೀ.

ಹಿನ್ನೆಲೆ

ಹಾರುವ ಗುರಿಗೆ ಈಡು ಹೊಡೆಯುವ ಪಂದ್ಯ ಶುರುವಾದದ್ದು ಜೀವಂತ ಪಾರಿವಾಳಗಳಿಂದ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಹಕ್ಕಿಯನ್ನು ಹಗ್ಗ ಎಳೆದು ಬಿಡುತ್ತಿದ್ದರು, ಹಾರಿದ್ದಕ್ಕೆ ಈಡು. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲೂ ಪಾರಿವಾಳ ಹೊಡೆಯುವ ಪಂದ್ಯ ನಡೆದಿತ್ತು. ಹಕ್ಕಿಗೆ ಬದಲಾಗಿ 19ನೇ ಶತಮಾನದ ನಡುವಿನ ನಂತರ ಗಾಜಿನ ಚೆಂಡುಗಳು ಬಂದವು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ 1880ರಲ್ಲಿ ಸುಟ್ಟ ಜೇಡಿಮಣ್ಣಿನ ಬಿಲ್ಲೆಯನ್ನು ತಂದ. ಸುಟ್ಟ ಮಣ್ಣು ಚರೆ ತಾಗಿದರೂ ಒಡೆಯದಷ್ಟು ಗಟ್ಟಿಯಾಗುತ್ತಿದ್ದುದರಿಂದ ಮುಂದೆ ಸುಣ್ಣಕಲ್ಲಿನ ಪುಡಿಗೆ ಟಾರಿನಂಥ ಅಂಟು ಸೇರಿಸಿ ಅಚ್ಚು ಹಾಕುವ ರೂಢಿ ಬಂತು. ಈಗಿನ ಬಿಲ್ಲೆಯ ಅಡ್ಡಳತೆ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಹಕ್ಕಿಯೂ ಇಲ್ಲ, ಮಣ್ಣೂ ಇಲ್ಲ. ಆದರೂ ಅದರ ಹೆಸರು ಇಂದಿಗೂ ಕ್ಲೇ ಪಿಜನ್, ಮಣ್ಣಿನ ಪಾರಿವಾಳ.

ಕೋವಿಯೂ ಅದೇ ಕಾಲದಲ್ಲಿ ಬದಲಾಯಿತು. 1860ರ ದಶಕದಲ್ಲಿ ತೋಟಾದ ಬುಡದ ನಡುವಿಗೆ ಹೊಡೆಯುವ ಪದ್ಧತಿ ನೆಲೆಯೂರಿತು. ಚೋಕ್‌ನ ಉಪಯೋಗವನ್ನು 1870ರ ದಶಕದಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಜನಪ್ರಿಯಗೊಳಿಸಿದ. 1875ರಲ್ಲಿ ಬಂದ ಆನ್ಸನ್–ಡೀಲಿ ಒಳಗುದುರೆ ಯಂತ್ರದಿಂದಾಗಿ ಹೊರಗೆ ಕಾಣುವ ಕುದುರೆಗಳು (ಹ್ಯಾಮರ್) ಮರೆಯಾದವು. ಜಾನ್ ಬ್ರೌನಿಂಗ್ ರೂಪಿಸಿದ, ಒಂದರ ಮೇಲೊಂದು ನಳಿಗೆಯ ಕೋವಿ 1931ರಲ್ಲಿ ಮಾರುಕಟ್ಟೆಗೆ ಬಂತು. ಕ್ಲೇ ಪಂದ್ಯಗಳಲ್ಲಿ ಇಂದು ಕಾಣುವುದು ಹೆಚ್ಚಾಗಿ ಈ ವಿನ್ಯಾಸವೇ.

ಮಲೆನಾಡಿನ ಕೋವಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹೆಸರಿನಲ್ಲೇ ಬೇಟೆ ಇದೆ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಗಿದ್ದ ಊರು, ಸುತ್ತಲ ಕಾಡಿನಲ್ಲಿ ಬೇಟೆಗೆ ಪ್ರಾಣಿ ಹೇರಳವಾಗಿದ್ದುದರಿಂದ ಹೈದರ್–ಟಿಪ್ಪು ಕಾಲದಲ್ಲಿ ಈ ಹೆಸರು ಪಡೆಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ಊರಿನ ಹೆಸರಿನಲ್ಲಷ್ಟೇ ಉಳಿಯಬೇಕಾಯಿತು. ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಕಡೆಯ ಅರೆಮಲೆನಾಡಿನಲ್ಲಿ ಕೋವಿಗೆ ಉಳಿದಿರುವ ಕೆಲಸ ಬೆಳೆ ಕಾವಲು: ಮೆಕ್ಕೆಜೋಳ, ಭತ್ತ, ಶುಂಠಿಯ ಹೊಲಕ್ಕೆ ನುಗ್ಗುವ ಹಂದಿಯನ್ನು ಈಡಿನ ಸದ್ದಿನಿಂದ ಬೆದರಿಸುವುದು.

ಈ ಕೆಲಸಕ್ಕೆ ಕೇಪಿನ ಕೋವಿಯೇ ಸಾಕು. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಳತೆಯ ಮದ್ದು ಸುರಿಯುತ್ತಾರೆ. ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು ಸಲಾಕೆಯಿಂದ ಜಡಿಯುತ್ತಾರೆ. ಚರೆ ಹಾಕಿ, ಅದು ಉರುಳಿ ಬೀಳದಂತೆ ಇನ್ನೊಂದು ನಾರುಂಡೆ ಜಡಿಯುತ್ತಾರೆ. ಕೊನೆಗೆ ಕುದುರೆ ಎಳೆದು ಕೇಪು ಕೂರಿಸುತ್ತಾರೆ. ಒಂದು ಈಡಿಗೆ ಇಷ್ಟೂ ಕೆಲಸ. ಒಂದು ಸುತ್ತಿಗೆ 25 ಬಿಲ್ಲೆ ಹಾರುವ ಕ್ಲೇ ಅಂಕಣದಲ್ಲಿ ಈ ಕೋವಿಗೆ ಎಡೆಯಿಲ್ಲ.

ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ತೋಟಾ ಕೋವಿ ಇರುತ್ತದೆ. ನಳಿಗೆಗಳು ಅಕ್ಕಪಕ್ಕ, ಟ್ರಿಗರ್ ಎರಡು, ಸಾಮಾನ್ಯವಾಗಿ ಬಲನಳಿಗೆಯ ಚೋಕ್ ಸಡಿಲ, ಎಡದ್ದು ಬಿಗಿ. ಕಲಿಯುವವನು ಇದರಿಂದಲೂ ಬಿಲ್ಲೆ ಒಡೆಯಬಹುದು. ಆದರೆ ಮೊದಲು ತೋಟಾ ಕೂರುವ ಗೂಡಿನ ಉದ್ದ ಅಳೆಸಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು 65 ಮಿ.ಮೀ. ಇರುವುದುಂಟು, ಇಂದಿನ ತೋಟಾ 70 ಮಿ.ಮೀ. ಉದ್ದದ್ದು. ಹಾರಿಸುವ ಮೊದಲು ಮಡಚಿದ ಬಾಯಿಯಿಂದಾಗಿ ಅದು ಚಿಕ್ಕ ಗೂಡಿನಲ್ಲೂ ಕೂರುತ್ತದೆ, ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಕೂತಿತು ಎಂದರೆ ಸರಿಯಾದ ತೋಟಾ ಎಂದಲ್ಲ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಮಾಡಿದ, ಮೈಮೇಲೆ ಅಲೆಯಲೆಯ ಗೆರೆ ಕಾಣುವ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಅವನ್ನು ಗೋಡೆಯ ಮೇಲೇ ಬಿಡುವುದು ಕ್ಷೇಮ.

ಕೊಡಗಿನಲ್ಲಿ ಕೋವಿಯ ಸ್ಥಾನ ಬೇರೆಯದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ನಡೆಯುತ್ತದೆ. ತೆಂಗಿನಕಾಯಿ ನಿಂತ ಗುರಿ, ಬಿಲ್ಲೆ ಓಡುವ ಗುರಿ. ಒಂದರಲ್ಲಿ ಕೈ ಅಲುಗದಿರುವುದು ವಿದ್ಯೆ, ಇನ್ನೊಂದರಲ್ಲಿ ಕೈ ನಿಲ್ಲದಿರುವುದು.

ಆಟದ ಬಗೆಗಳು

ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಐದು ನಿಲ್ಲುವ ತಾಣಗಳಿವೆ. ಅವುಗಳ ಮುಂದೆ 15 ಮೀಟರ್ ದೂರದ ತಗ್ಗಿನಲ್ಲಿ ಮೂರರಂತೆ ಐದು ಗುಂಪು, ಒಟ್ಟು 15 ಯಂತ್ರಗಳು. ಬಿಲ್ಲೆ ಈಡುಗಾರನಿಂದ ದೂರಕ್ಕೆ, ಎಡಕ್ಕೋ ಬಲಕ್ಕೋ ನೇರಕ್ಕೋ ಹಾರುತ್ತದೆ; ಯಾವ ಕಡೆಗೆಂದು ಮೊದಲೇ ತಿಳಿಯುವುದಿಲ್ಲ. ತಡೆಯಿಲ್ಲದಿದ್ದರೆ 76 ಮೀಟರ್ ಹೋಗಿ ಬೀಳುತ್ತದೆ. ಕೋವಿಯನ್ನು ಮೊದಲೇ ಭುಜಕ್ಕೇರಿಸಿಕೊಂಡು ಬಿಲ್ಲೆ ಬಿಡಲು ಕೂಗಬಹುದು. ಒಂದು ಬಿಲ್ಲೆಗೆ ಎರಡು ಈಡು.

ಅಮೆರಿಕದಲ್ಲಿ 1920ರ ದಶಕದಲ್ಲಿ ರೂಪುಗೊಂಡ ಸ್ಕೀಟ್ 1968ರ ಮೆಕ್ಸಿಕೊ ಕೂಟದಿಂದ ಒಲಿಂಪಿಕ್ಸ್‌ನಲ್ಲಿದೆ. ಬಿಲ್ಲೆ ಎಸೆಯಲು ಎಡಬದಿಗೆ ಎತ್ತರದ ಮನೆ, ಬಲಬದಿಗೆ ತಗ್ಗಿನ ಮನೆ. ನಡುವೆ ಅರೆವೃತ್ತದಲ್ಲಿ ಏಳು ತಾಣ, ಮಧ್ಯದಲ್ಲಿ ಎಂಟನೆಯದು. ಬಿಲ್ಲೆಯ ದಾರಿ ಗೊತ್ತಿದ್ದದ್ದೇ. ಆದರೆ ಕೂಗಿದ ಮೇಲೆ ಅದು ತಕ್ಷಣವೂ ಬರಬಹುದು, ಮೂರು ಸೆಕೆಂಡಿನವರೆಗೆ ತಡವಾಗಿಯೂ ಬರಬಹುದು. ಅದು ಕಾಣುವವರೆಗೆ ಸ್ಟಾಕ್ ಸೊಂಟದ ಮಟ್ಟದಲ್ಲೇ ಇರಬೇಕು. ಒಂದು ಬಿಲ್ಲೆಗೆ ಒಂದೇ ಈಡು. ಒಟ್ಟಿಗೆ ಎರಡು ಬಿಲ್ಲೆ ಹಾರುವ ಡಬಲ್ ಟ್ರ್ಯಾಪ್ 1996ರಿಂದ 2016ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. ಬೇಟೆಯ ಸನ್ನಿವೇಶಗಳನ್ನು ಅನುಕರಿಸುವ ಸ್ಪೋರ್ಟಿಂಗ್ ಎಂಬ ಬಗೆ ಒಲಿಂಪಿಕ್ಸ್‌ನ ಹೊರಗೆ ಜನಪ್ರಿಯ.

ಆಯ್ಕೆ

ಯಾವ ಆಟ ಎಂದು ಗೊತ್ತಾದ ಮೇಲೆಯೇ ಕೋವಿಯ ಮಾತು. ಟ್ರ್ಯಾಪ್‌ಗೆ 76ರಿಂದ 81 ಸೆಂ.ಮೀ. (30–32 ಅಂಗುಲ) ನಳಿಗೆ, ಬಿಗಿ ಚೋಕ್, ಎತ್ತರದ ಕೋಂಬ್. ಟ್ರ್ಯಾಪ್ ಬಿಲ್ಲೆ ಏರುತ್ತಲೇ ಹೋಗುವುದರಿಂದ ನೋಟಕ್ಕಿಂತ ತುಸು ಮೇಲಕ್ಕೆ ಹೊಡೆಯುವ ಕೋವಿ ಬೇಕು. ಚರೆಯ ಹರವಿನ ನೂರಕ್ಕೆ 60–70 ಪಾಲು ಗುರಿಗಿಂತ ಮೇಲೆ, ಉಳಿದದ್ದು ಕೆಳಗೆ. ಹೀಗಿದ್ದರೆ ನಳಿಗೆಯಿಂದ ಬಿಲ್ಲೆಯನ್ನು ಮರೆಮಾಡದೆ ಹೊಡೆಯಬಹುದು. ಸ್ಕೀಟ್‌ಗೆ 71ರಿಂದ 76 ಸೆಂ.ಮೀ. ನಳಿಗೆ, ಸಡಿಲ ಚೋಕ್, ಸಮಕ್ಕೆ ಹೊಡೆಯುವ, ಬೇಗ ಭುಜಕ್ಕೇರುವ ಕೋವಿ. ಒಂದೇ ಕೋವಿಯಲ್ಲಿ ಎರಡನ್ನೂ ಆಡಬೇಕೆಂದರೆ 76 ಸೆಂ.ಮೀ. ನಳಿಗೆ, ಬದಲಿಸಬಹುದಾದ ತಿರುಪಿನ ಚೋಕ್, ಏರಿಳಿಸುವ ಕೋಂಬ್ ಇರುವುದು ನಡುದಾರಿ.

ಒಂದರ ಮೇಲೊಂದು ನಳಿಗೆಯ ಕೋವಿ ಗೆದ್ದದ್ದಕ್ಕೆ ಎರಡು ಕಾರಣ. ಕಣ್ಣಿನ ಮುಂದೆ ಒಂದೇ ಕಿರಿದಾದ ರಿಬ್ ಇರುತ್ತದೆ. ಮೊದಲು ಹಾರುವ ಕೆಳನಳಿಗೆ ಭುಜದ ನೇರಕ್ಕೆ ಹತ್ತಿರವಿರುವುದರಿಂದ ಒದೆತಕ್ಕೆ ಬಾಯಿ ಹೆಚ್ಚು ಮೇಲೇಳದೆ ಎರಡನೇ ಈಡು ಬೇಗ ಸಿಗುತ್ತದೆ. ತನ್ನಷ್ಟಕ್ಕೆ ತೋಟಾ ತುಂಬಿಕೊಳ್ಳುವ ಕೋವಿ ಭುಜಕ್ಕೆ ಮೃದು, ಆದರೆ ಖಾಲಿ ತೋಟಾವನ್ನು ಪಕ್ಕದವರತ್ತ ಎಸೆಯುತ್ತದೆ. ಮಡಚಿದ ಜೋಡುನಳಿಗೆ ಖಾಲಿಯಿದೆಯೋ ಇಲ್ಲವೋ ಎಂದು ದೂರದಿಂದಲೇ ತೋರುತ್ತದೆ, ಇದರಲ್ಲಿ ತೋರುವುದಿಲ್ಲ.

ಕ್ಲೇ ಕೋವಿ ಸಾಮಾನ್ಯವಾಗಿ 3.4ರಿಂದ 4 ಕೆ.ಜಿ. ತೂಗುತ್ತದೆ. ಹೊರುವ ಕೋವಿ ಹಗುರವಾಗಿದ್ದರೆ ಚೆನ್ನ, ದಿನಕ್ಕೆ ನೂರು ಈಡು ಹಾರಿಸುವ ಕೋವಿ ಭಾರವಾಗಿದ್ದರೆ ಭುಜಕ್ಕೆ ಚೆನ್ನ. ಅಂತರರಾಷ್ಟ್ರೀಯ ಅಂಕಣಗಳಲ್ಲಿ ಇಟಲಿಯ ಪೆರಾಜಿ, ಬೆರೆಟ್ಟಾ, ಜರ್ಮನಿಯ ಕ್ರೀಗ್‌ಹಾಫ್, ಬ್ಲೇಸರ್ ಹೆಚ್ಚಾಗಿ ಕಾಣುತ್ತವೆ. ಕಲಿಯುವವನಿಗೆ ಹೆಸರಿಗಿಂತ ಅಳತೆ ಮುಖ್ಯ.

ಮೈಗೆ ಹೊಂದಿಸುವುದು

ಕೆನ್ನೆ ಕೋಂಬ್ ಮೇಲೆ ಕೂತಾಗ ಕಣ್ಣು ರಿಬ್‌ನ ನೇರಕ್ಕೆ ಬರಬೇಕು. ಕಣ್ಣು ಮೇಲಿದ್ದರೆ ಈಡು ಮೇಲೆ, ಎಡಕ್ಕಿದ್ದರೆ ಈಡು ಎಡಕ್ಕೆ. ಕಣ್ಣಿನಿಂದ ನಳಿಗೆಯ ತುದಿಯ ಮಣಿಗೆ ಸುಮಾರು ಒಂದು ಮೀಟರ್. ಬಿಲ್ಲೆ ಒಡೆಯುವ ಜಾಗಕ್ಕೆ ಸುಮಾರು 35 ಮೀಟರ್. ಕಣ್ಣು 3 ಮಿ.ಮೀ. ಮೇಲಾದರೆ ಅಲ್ಲಿ ಈಡು 10 ಸೆಂ.ಮೀ. ಮೇಲಾಗುತ್ತದೆ. ಅಂದರೆ ಎರಡು ರೂಪಾಯಿ ನಾಣ್ಯ ಒಂದೆರಡು ಪೇರಿಸಿದಷ್ಟು ವ್ಯತ್ಯಾಸ ಕೆನ್ನೆಯ ಕೆಳಗೆ, ಹೆಚ್ಚುಕಡಿಮೆ ಒಂದಿಡೀ ಬಿಲ್ಲೆಯ ವ್ಯತ್ಯಾಸ ಗಾಳಿಯಲ್ಲಿ.

ಅಳತೆಗಿಂತ ಮೊದಲು ಯಾವ ಕಣ್ಣು ಬಲವಾದದ್ದೆಂದು ತಿಳಿಯಬೇಕು. ಎರಡೂ ಕಣ್ಣು ತೆರೆದು ದೂರದ ಕಂಬವೊಂದಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಯಾವ ಕಣ್ಣಿಗೆ ಬೆರಳು ಕಂಬದ ಮೇಲೇ ಉಳಿಯುತ್ತದೋ ಅದು ಬಲಗಣ್ಣಾಗಲಿ ಎಡಗಣ್ಣಾಗಲಿ ಗುರಿಯ ಕಣ್ಣು. ಬಲಭುಜಕ್ಕೆ ಕೋವಿ ಏರಿಸುವವನ ಗುರಿಯ ಕಣ್ಣು ಎಡದ್ದಾದರೆ ಸ್ಟಾಕ್ ಎಷ್ಟು ತಿದ್ದಿದರೂ ಈಡು ಅಡ್ಡ ಹೋಗುತ್ತದೆ. ಅಂಥವರು ಭುಜ ಬದಲಿಸಬೇಕು, ಇಲ್ಲವೇ ಕನ್ನಡಕದ ಎಡಗಾಜಿನ ಮೇಲೆ ಸಣ್ಣ ಟೇಪಿನ ತುಂಡು ಅಂಟಿಸಬೇಕು.

ಸ್ಟಾಕ್‌ನ ಅಳತೆಗಳು ನಾಲ್ಕು. ಟ್ರಿಗರ್‌ನಿಂದ ಹಿಂದಂಚಿನವರೆಗಿನ ಉದ್ದ ಸಾಮಾನ್ಯವಾಗಿ 36–37 ಸೆಂ.ಮೀ.; ಗಿಡ್ಡ ಮೈಯವರಿಗೆ, ಹಲವು ಹೆಂಗಸರಿಗೆ ಇದನ್ನು ಕಡಿಮೆ ಮಾಡಬೇಕಾಗುತ್ತದೆ. ಉದ್ದ ಹೆಚ್ಚಾದರೆ ಸ್ಟಾಕ್ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಎರಡನೆಯದು ರಿಬ್‌ನ ನೇರದಿಂದ ಕೋಂಬ್ ಎಷ್ಟು ಕೆಳಗಿದೆ ಎಂಬುದು. ಕ್ಲೇ ಕೋವಿಯಲ್ಲಿ ಇದು 35 ಮಿ.ಮೀ. ಆಸುಪಾಸು. ಮೂರನೆಯದು ಸ್ಟಾಕ್ ಪಕ್ಕಕ್ಕೆ ಬಾಗಿರುವ ಪ್ರಮಾಣ. ಬಲಗೈಯವನಿಗೆ ಬಲಕ್ಕೆ, ಎಡಗೈಯವನಿಗೆ ಎಡಕ್ಕೆ. ಎಡಗೈಯವರು ಇತರರ ಕೋವಿ ಎತ್ತಿಕೊಂಡು ಗುರಿ ತಪ್ಪುವುದರ ಗುಟ್ಟು ಹೆಚ್ಚಾಗಿ ಇಲ್ಲಿರುತ್ತದೆ. ನಾಲ್ಕನೆಯದು ಹಿಂದಂಚಿನ ಓರೆ. ಅದು ತಪ್ಪಾಗಿದ್ದರೆ ಒದೆತಕ್ಕೆ ಸ್ಟಾಕ್ ಜಾರಿ ಕೆನ್ನೆಗೆ ಹೊಡೆಯುತ್ತದೆ.

ಪರೀಕ್ಷೆ ಸರಳ. ಕೋವಿ ಖಾಲಿಯಿದೆಯೆಂದು ಮಡಚಿ ನೋಡಿ, ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ ಕೆನ್ನೆ ಆನಿಸಿ, ಆಮೇಲೆ ಕಣ್ಣು ತೆರೆಯುವುದು. ಮಣಿ ರಿಬ್‌ನ ನಡುವೆ ಕಂಡರೆ ಸರಿಯ ಹತ್ತಿರ. ಉಳಿದದ್ದನ್ನು ಬಿಳಿ ಬಣ್ಣ ಬಳಿದ ಉಕ್ಕಿನ ಹಲಗೆ ಹೇಳುತ್ತದೆ. 16 ಗಜ ದೂರ ನಿಂತು, ಗುರಿ ಹಿಡಿಯುತ್ತ ತಡೆಯದೆ, ಕೋವಿ ಏರಿಸಿದ ತಕ್ಷಣ ಹಲಗೆಯ ನಡುಚುಕ್ಕಿಗೆ ಐದಾರು ಈಡು ಹೊಡೆಯುತ್ತಾರೆ. ಚರೆಯ ಗುರುತಿನ ನಡುಭಾಗ ಚುಕ್ಕಿಯಿಂದ ಒಂದು ಅಂಗುಲ ತಪ್ಪಿದ್ದರೆ ಸ್ಟಾಕ್‌ನಲ್ಲಿ ಅಂಗುಲದ ಹದಿನಾರನೇ ಒಂದು ಭಾಗ ತಿದ್ದಬೇಕು. ಕೋವಿ ರಿಪೇರಿಯವರ ಈ ಹಳೆಯ ಲೆಕ್ಕ ಇಂದಿಗೂ ನಡೆಯುತ್ತದೆ.

ತಿದ್ದುವುದಕ್ಕೆ ಹಿಂದೆ ಮರವನ್ನು ಬಿಸಿ ಎಣ್ಣೆಯಲ್ಲಿ ಕಾಯಿಸಿ ಬಾಗಿಸುತ್ತಿದ್ದರು. ಈಗ ತಿರುಪಿನಿಂದ ಏರಿಸಿ ಪಕ್ಕಕ್ಕೆ ಸರಿಸುವ ಕೋಂಬ್ ಬಂದಿದೆ. ಉದ್ದಕ್ಕೆ ಬೇರೆಬೇರೆ ದಪ್ಪದ ರಬ್ಬರ್ ಪ್ಯಾಡ್‌ಗಳಿವೆ. ಹೊಸಬರು ಮರ ಕತ್ತರಿಸುವ ಮೊದಲು ಕೋಂಬ್ ಮೇಲೆ ರಟ್ಟಿನ ಚೂರು ಇಟ್ಟು ಟೇಪ್ ಸುತ್ತಿ ಕೆಲವು ವಾರ ಹೊಡೆದು ನೋಡುವುದು ಒಳ್ಳೆಯದು, ಏಕೆಂದರೆ ಭುಜಕ್ಕೇರಿಸುವ ರೀತಿ ಒಂದು ನೆಲೆಗೆ ಬರುವವರೆಗೆ ಅಳತೆಗೂ ನೆಲೆಯಿಲ್ಲ.

ಚೋಕ್ ಮತ್ತು ತೋಟಾ

ಚೋಕ್ ಬಿಗಿಯಾದಷ್ಟೂ ಚರೆ ಒತ್ತಾಗಿ ಹೋಗುತ್ತದೆ. 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಎಷ್ಟು ಚರೆ ಬೀಳುತ್ತದೆ ಎಂಬುದು ಇದರ ಅಳತೆ. ಫುಲ್ ಚೋಕ್‌ನಲ್ಲಿ ನೂರಕ್ಕೆ ಸುಮಾರು 70 ಪಾಲು, ಹಾಫ್‌ನಲ್ಲಿ 60, ಚೋಕ್ ಇಲ್ಲದ ನಳಿಗೆಯಲ್ಲಿ 40. ಫುಲ್ ಎಂದರೂ ನಳಿಗೆಯ ಬಾಯಿ ಕಿರಿದಾಗಿರುವುದು ಸುಮಾರು ಒಂದು ಮಿ.ಮೀ. ಮಾತ್ರ. ಟ್ರ್ಯಾಪ್‌ನಲ್ಲಿ ಮೊದಲ ನಳಿಗೆಗೆ ಮುಕ್ಕಾಲು, ಎರಡನೆಯದಕ್ಕೆ ಫುಲ್ ರೂಢಿ. ಸ್ಕೀಟ್‌ನಲ್ಲಿ ಎರಡೂ ಸಡಿಲ.

ಅಂತರರಾಷ್ಟ್ರೀಯ ನಿಯಮದಂತೆ ಕೋವಿ 12 ಬೋರ್‌ಗಿಂತ ದೊಡ್ಡದಿರಬಾರದು, ಚರೆಯ ತೂಕ 24 ಗ್ರಾಂ, ಕಾಳಿನ ಅಡ್ಡಳತೆ 2.6 ಮಿ.ಮೀ. ಮೀರಬಾರದು. ಹಿಂದೆ 32 ಗ್ರಾಂ ಇದ್ದದ್ದು 28ಕ್ಕೆ, ಆಮೇಲೆ 24ಕ್ಕೆ ಇಳಿಯಿತು. 2.4 ಮಿ.ಮೀ. ಕಾಳಿನ ಟ್ರ್ಯಾಪ್ ತೋಟಾದಲ್ಲಿ ಸುಮಾರು 300 ಚರೆ, 2 ಮಿ.ಮೀ. ಕಾಳಿನ ಸ್ಕೀಟ್ ತೋಟಾದಲ್ಲಿ 500ರ ಮೇಲೆ. ಬೆಳೆ ಕಾವಲಿಗೆ ಬಳಸುವ ಎಲ್‌ಜಿ, ಎಸ್‌ಜಿ ತೋಟಾಗಳ ಕಾಳು 8–9 ಮಿ.ಮೀ. ದಪ್ಪದ್ದು, ಒಂದು ತೋಟಾದಲ್ಲಿ ಬೆರಳೆಣಿಕೆಯಷ್ಟೇ. ಅವನ್ನು ಕ್ಲೇ ಅಂಕಣಕ್ಕೆ ತರುವಂತಿಲ್ಲ. ಭಾರತದಲ್ಲಿ ಪುಣೆ ಬಳಿಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ತೋಟಾ ಬಹುಕಾಲದಿಂದ ಪರಿಚಿತ. ಸೀಸದ ವಿಷದ ಕಾರಣ ಐರೋಪ್ಯ ಒಕ್ಕೂಟ 2023ರಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿದೆ. ಉಕ್ಕಿನ ಚರೆಗೆ ಹಳೆಯ ಫುಲ್ ಚೋಕ್ ನಳಿಗೆ ಯೋಗ್ಯವಲ್ಲ.

ಆರೈಕೆ

ಮಲೆನಾಡಿನ ಮಳೆಗಾಲ ಕೋವಿಯ ಶತ್ರು. ಚೋಕ್‌ನ ತಿರುಪು ತುಕ್ಕು ಹಿಡಿದರೆ ಬಿಚ್ಚುವುದು ಕಷ್ಟ. ಪ್ರತಿ ಸಲ ಬಳಸಿದ ಮೇಲೆ ತೆಗೆದು ಒರೆಸಿ ಎಣ್ಣೆ ಸವರಿ ಹಾಕಬೇಕು. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಇದಕ್ಕಾಗದು, ಚಳಿಗೆ ಗಟ್ಟಿಯಾಗಿ ಯಂತ್ರದೊಳಗೆ ಅಂಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿದರೆ ಸಾಕು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಅಂಕಣದಲ್ಲಿ ಕಡ್ಡಾಯವೆಂದೇ ತಿಳಿಯಬೇಕು.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಕೋವಿಯನ್ನು ಆಳುತ್ತವೆ. ಪರವಾನಗಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಕೊಡುವವರು ಜಿಲ್ಲಾಧಿಕಾರಿಗಳು. ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಯ ಬಾಯಿಮದ್ದಿನ ಕೋವಿಯನ್ನೂ, ರಕ್ಷಣೆ ಅಥವಾ ಕ್ರೀಡೆಗೆ ಬಳಸುವ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೋವಿಯನ್ನೂ ಹೆಸರಿಸಿಯೇ ಹೇಳುತ್ತದೆ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಮೂರು ಇದ್ದ ಮಿತಿ ಎರಡಕ್ಕಿಳಿಯಿತು, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕೋವಿ ತಿದ್ದುವುದಕ್ಕೂ ಗೆರೆ ಇದೆ. ಪ್ಯಾಡ್ ಬದಲಿಸುವುದು, ಕೋಂಬ್ ಏರಿಸುವುದು, ತಿರುಪಿನ ಚೋಕ್ ಹಾಕುವುದು ಬಳಸುವವನ ಕೆಲಸ. ನಳಿಗೆ ಕೊರೆದು ಚೋಕ್ ಸಡಿಲಿಸುವುದು, ಟ್ರಿಗರ್ ಯಂತ್ರ ಬಿಚ್ಚಿ ರಿಪೇರಿ ಮಾಡುವುದು ಪರವಾನಗಿ ಇರುವ ರಿಪೇರಿಯವರ ಕೆಲಸ. ಅನುಮತಿಯಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು 6ನೇ ಕಲಮಿನಂತೆ ಅಪರಾಧ.

ಇಂದಿನ ಸ್ಥಿತಿ

ಭಾರತದಲ್ಲಿ ಈ ಕ್ರೀಡೆಗೆ ಮೊದಲು ಹೆಸರು ತಂದವರು ಬಿಕಾನೇರ್‌ನ ಮಹಾರಾಜ ಕರ್ಣಿ ಸಿಂಗ್. ಅವರು 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಆಡಿದರು; 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಪಡೆದರು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ದೆಹಲಿಯ ತುಘಲಕಾಬಾದ್‌ನಲ್ಲಿ ಕಟ್ಟಿದ ಅಂಕಣಕ್ಕೆ ಅವರದೇ ಹೆಸರು. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದರು, 2006ರಲ್ಲಿ ಮಾನವಜಿತ್ ಸಿಂಗ್ ಸಂಧು ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಟ್ರ್ಯಾಪ್ ತಂಡ ಚಿನ್ನದಲ್ಲಿ ಹೈದರಾಬಾದಿನ ಕೈನನ್ ಚೆನಾಯ್, ಪುದುಕ್ಕೋಟೆಯ ಪೃಥ್ವಿರಾಜ್ ತೊಂಡೈಮಾನ್ ಇದ್ದರು; ಉತ್ತರದ್ದೆಂದೇ ಎಣಿಸಿದ್ದ ಆಟ ದಕ್ಷಿಣಕ್ಕೂ ಇಳಿದಿತ್ತು. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್–ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಸ್ಕೀಟ್ ಮಿಶ್ರ ತಂಡದಲ್ಲಿ ನಾಲ್ಕನೆಯದಾಯಿತು.

ಕರ್ನಾಟಕದಿಂದ ಹೊರಹೊಮ್ಮಿದ ಹೆಸರುಗಳು ಹೆಚ್ಚಾಗಿ ಪಿಸ್ತೂಲು, ರೈಫಲ್‌ನವು. 2016ರ ರಿಯೊದಲ್ಲಿ ಆಡಿದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲು ಈಡುಗಾರ. ಪಿಸ್ತೂಲಿಗೆ ಗೋಡೆಯೊಳಗಿನ ಹತ್ತು ಮೀಟರ್ ಸಾಕು. ಟ್ರ್ಯಾಪ್‌ಗೆ ಚರೆ ಬೀಳಲು ಇನ್ನೂರು ಮುನ್ನೂರು ಮೀಟರ್ ಬಯಲು, ತಗ್ಗು, ಯಂತ್ರಗಳು, ಒಂದು ಸುತ್ತಿಗೆ ಇಪ್ಪತ್ತೈದರಿಂದ ಐವತ್ತು ತೋಟಾ ಬೇಕು. ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಬರೆದಿರುವ ತೋಟಾದ ಲೆಕ್ಕ ಅಂಕಣದ ಒಂದು ಬೆಳಗಿಗೂ ಸಾಲದು. ಚುನಾವಣೆ ಘೋಷಣೆಯಾದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುವ ರೂಢಿಯೂ ಇದೆ. ಯಾರದನ್ನು ಇಡಿಸಬೇಕು, ಯಾರದನ್ನು ಬಿಡಬೇಕೆಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ನೋಡುತ್ತದೆ. ಆ ವಾರಗಳಲ್ಲಿ ಬೆಳೆ ಕಾವಲಿಗೆ ಪಟಾಕಿ, ತಗಡಿನ ಡಬ್ಬವೇ ಗತಿ.